ಮಾತ್ರೆ ಬರೆಯುವ ಮುನ್ನ: ನಮ್ಮ ಫ್ಯಾಮಿಲಿ ಡಾಕ್ಟರುಗಳಿಗೊಂದು ಬಹಿರಂಗ ಪತ್ರ

ತಾಲ್ಲೂಕು, ಹೋಬಳಿಗಳಲ್ಲಿ ಕ್ಲಿನಿಕ್ ನಡೆಸುತ್ತಿರುವ ವೈದ್ಯ ಬಂಧುಗಳೇ,

ನಾನು ರೋಗಿಗಳನ್ನು ಪರೀಕ್ಷಿಸಿ ಔಷಧ ಬರೆಯುವವಳಲ್ಲ. ಆಸ್ಪತ್ರೆಯ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಕುಳಿತು ರಿಪೋರ್ಟುಗಳಿಗೆ ಸಹಿ ಹಾಕುವವಳು. ನೀವು ಕಳಿಸಿದ ರಕ್ತ ನನ್ನ ಕೈಗೆ ಬರುತ್ತದೆ, ನಾನು ಕೊಟ್ಟ ಅಂಕಿ ನಿಮ್ಮ ಮೇಜಿಗೆ ಹೋಗುತ್ತದೆ. ಆದರೆ ಆ ರಕ್ತ ಕೊಟ್ಟ ಮನುಷ್ಯನ ಮುಖ ನೋಡುವವರು, ನಾಡಿ ಹಿಡಿಯುವವರು ನೀವು. ಹಾಗಾಗಿ ಲ್ಯಾಬಿನಿಂದ ಹೇಳಬೇಕಾದ ಒಂದು ಮಾತನ್ನು ನಿಮಗೇ ಬರೆಯುತ್ತಿದ್ದೇನೆ. ವೈದ್ಯರ ಸಭೆಯಲ್ಲಿ ಹೇಳಿ ಸುಮ್ಮನಾಗದೆ ಪತ್ರಿಕೆಗೆ ಬರೆಯಲು ಕಾರಣವಿದೆ. ಇದು ಮನೆತನದಲ್ಲಿ ಹರಿದುಬರುವ ವಿಷಯ. ನಿಮ್ಮ ಬಳಿ ಬರುವವರ ಮನೆಯವರೂ ಓದಬೇಕು.

ಥೈರಾಯ್ಡ್ ಗ್ರಂಥಿ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದರೂ ರಿಪೋರ್ಟಿನಲ್ಲಿ ಟಿ4 ತೀರಾ ಕಡಿಮೆ ಅಥವಾ ತೀರಾ ಹೆಚ್ಚು ಬರುವ ಜನ ನಮ್ಮ ನಡುವೆ ಇದ್ದಾರೆ. ಹಾರ್ಮೋನನ್ನು ರಕ್ತದಲ್ಲಿ ಹೊತ್ತು ತಿರುಗುವ ಪ್ರೋಟೀನು ಅವರಲ್ಲಿ ಹುಟ್ಟಿನಿಂದಲೇ ಬೇರೆ ಥರ ಇರುತ್ತದೆ. ಅವರಿಗೆ ಕಾಯಿಲೆ ಇಲ್ಲ, ಔಷಧ ಬೇಕಿಲ್ಲ. ಅಂಕಿಯನ್ನು ಸರಿಮಾಡಲು ಹೊರಟು ಔಷಧ ಕೊಟ್ಟರೆ ಕಾಯಿಲೆ ಆಗ ಶುರುವಾಗುತ್ತದೆ.

ಗ್ರಂಥಿಯಿಂದ ಹೊರಬಿದ್ದ ಥೈರಾಕ್ಸಿನ್, ಅಂದರೆ ಟಿ4, ರಕ್ತದಲ್ಲಿ ಒಂಟಿಯಾಗಿ ಓಡಾಡುವುದು ಬಹಳ ಕಡಿಮೆ. ಹತ್ತು ಸಾವಿರ ಅಣುಗಳಿದ್ದರೆ ಅವುಗಳಲ್ಲಿ ಎರಡೋ ಮೂರೋ ಮಾತ್ರ ಬಿಡಿಯಾಗಿರುತ್ತವೆ. ಉಳಿದವೆಲ್ಲ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತವೆ. ಸುಮಾರು ಮುಕ್ಕಾಲು ಪಾಲನ್ನು ಹೊರುವುದು ಟಿಬಿಜಿ, ಅಂದರೆ ಥೈರಾಕ್ಸಿನ್ ಬೈಂಡಿಂಗ್ ಗ್ಲಾಬ್ಯುಲಿನ್. ಮಿಕ್ಕದ್ದನ್ನು ಟ್ರಾನ್ಸ್‌ಥೈರೆಟಿನ್ ಮತ್ತು ಆಲ್ಬುಮಿನ್ ಹಂಚಿಕೊಳ್ಳುತ್ತವೆ. ಜೀವಕೋಶದೊಳಗೆ ಹೋಗಿ ಕೆಲಸ ಮಾಡುವುದು ಆ ಬಿಡಿ ಅಣುಗಳು ಮಾತ್ರ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯೂ ಅವುಗಳನ್ನೇ ಲೆಕ್ಕ ಹಿಡಿದು ಟಿಎಸ್‌ಎಚ್ ಏರಿಸುತ್ತದೆ, ಇಳಿಸುತ್ತದೆ. ಪ್ರೋಟೀನಿಗೆ ಅಂಟಿದ ಹಾರ್ಮೋನು ಕಣಜದಲ್ಲಿರುವ ಭತ್ತ, ಬಿಡಿಯಾಗಿರುವುದು ಒಲೆಯ ಮೇಲಿನ ಅನ್ನ. ಕಣಜ ಚಿಕ್ಕದಾದ ಮಾತ್ರಕ್ಕೆ ಆ ಮನೆಯವರು ಹಸಿದಿದ್ದಾರೆ ಎನ್ನಲಾಗದು.

ನಮ್ಮ ಕಡೆ 'ಥೈರಾಯ್ಡ್ ಪ್ರೊಫೈಲ್' ಎಂದು ಬರೆದರೆ ಹೆಚ್ಚಿನ ಲ್ಯಾಬುಗಳು ಅಳೆಯುವುದು ಒಟ್ಟು ಟಿ3, ಒಟ್ಟು ಟಿ4 ಮತ್ತು ಟಿಎಸ್‌ಎಚ್. ಒಟ್ಟು ಟಿ4 ಎಂದರೆ ಕಣಜವೂ ಸೇರಿದ ಲೆಕ್ಕ. ನಿಮಗಿದು ಗೊತ್ತಿಲ್ಲದ್ದಲ್ಲ. ಬಸುರಿಯರಲ್ಲಿ ಈಸ್ಟ್ರೋಜೆನ್ ಪ್ರಭಾವದಿಂದ ಟಿಬಿಜಿ ಏರಿ, ಒಟ್ಟು ಟಿ4 ಸುಮಾರು ಒಂದೂವರೆ ಪಟ್ಟಾಗುತ್ತದೆ. ಅದನ್ನು ಕಂಡು ನೀವು ಗಾಬರಿಯಾಗುವುದಿಲ್ಲ, 'ಬಸುರಿನಲ್ಲಿ ಹೀಗೇ' ಎಂದು ಬಿಡುತ್ತೀರಿ. ಅದೇ ಯೋಚನೆ ಬಸುರಿ ಅಲ್ಲದವರ ರಿಪೋರ್ಟ್ ನೋಡುವಾಗಲೂ ಒಂದು ಕ್ಷಣ ಬರಲಿ ಎಂಬುದೇ ನನ್ನ ಕೋರಿಕೆ.

ಹಾಸನದ ಕಡೆಯ ಒಬ್ಬ ಯುವಕನ ವಿಷಯ ಹೇಳುತ್ತೇನೆ. ಕೆಲಸಕ್ಕೆ ಸೇರುವ ಮುಂಚೆ ಕಂಪನಿಯವರು ಮಾಡಿಸಿದ ಆರೋಗ್ಯ ತಪಾಸಣೆಯ ಪ್ಯಾಕೇಜಿನಲ್ಲಿ ಥೈರಾಯ್ಡ್ ಕೂಡ ಇತ್ತು. ಒಟ್ಟು ಟಿ4 2.9 ಮೈಕ್ರೋಗ್ರಾಂ, ಸಾಮಾನ್ಯವಾಗಿ 5ರಿಂದ 12ರ ಆಸುಪಾಸು ಇರಬೇಕಾದದ್ದು. ಟಿ3 ಸಹ ಕೆಳಗೆ. ಟಿಎಸ್‌ಎಚ್ 1.8, ಯಾರೂ ದೂರು ಹೇಳಲಾಗದಷ್ಟು ಸರಿ. ಅವನಿಗೆ ಸುಸ್ತಿರಲಿಲ್ಲ, ಚಳಿ ತಡೆಯದ ತೊಂದರೆಯಿರಲಿಲ್ಲ, ಮಲಬದ್ಧತೆಯಿರಲಿಲ್ಲ. ಆದರೆ ಎರಡು ಅಂಕಿಗಳ ಪಕ್ಕ ದಪ್ಪಕ್ಷರದಲ್ಲಿ 'ಕಡಿಮೆ' ಎಂದು ಮುದ್ರಣವಾಗಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 50 ಮೈಕ್ರೋಗ್ರಾಂ ಥೈರಾಕ್ಸಿನ್ ಶುರುವಾಯಿತು. ಮತ್ತೆ ರಕ್ತ ನೋಡಿದರೆ ಟಿ4 ಆಗಲೂ ಕಡಿಮೆಯೇ. ಮಾತ್ರೆ 100 ಆಯಿತು, ಆಮೇಲೆ 150.

ನನ್ನ ಮುಂದೆ ಅವನ ರಕ್ತ ಬರುವ ಹೊತ್ತಿಗೆ ಟಿ4 4.6ಕ್ಕೆ ಏರಿತ್ತು, ಆಗಲೂ ಕೆಳಗಿನ ಗೆರೆ ಮುಟ್ಟಿರಲಿಲ್ಲ. ಟಿಎಸ್‌ಎಚ್ ಮಾತ್ರ 0.01ಕ್ಕೆ ಕುಸಿದಿತ್ತು. ಟಿ4 ಕಡಿಮೆ, ಟಿಎಸ್‌ಎಚ್ಚೂ ಕಡಿಮೆ ಎಂದ ಮೇಲೆ ತೊಂದರೆ ಪಿಟ್ಯುಟರಿಯಲ್ಲೇ ಇರಬೇಕು ಎಂದು ತರ್ಕ ಮಾಡಿದ ಯಾರೋ ತಲೆಯ ಎಂಆರ್‌ಐಗೆ ಬರೆದುಕೊಟ್ಟಿದ್ದರು. ಆ ಚೀಟಿ ಅವನ ಅಂಗಿಯ ಜೇಬಿನಲ್ಲಿತ್ತು. ವಿಷಯ ಕೇಳೋಣವೆಂದು ನಾನೇ ಕರೆಸಿದ್ದೆ. ಬಂದು ಎದುರಿಗೆ ಕೂತಾಗ ಚಾಚಿದ ಬೆರಳುಗಳು ನಡುಗುತ್ತಿದ್ದವು. ಪ್ಯಾಂಟು ಬೆಲ್ಟಿನ ಹೊಸ ತೂತಿನಲ್ಲಿ ನಿಂತಿತ್ತು. ರಾತ್ರಿ ಮಲಗಿದರೆ ಎದೆ ಡವಡವ ಎನ್ನುವುದು ದಿಂಬಿನಲ್ಲೇ ಕೇಳಿಸುತ್ತದೆ ಎಂದ. ಬಿಡಿ ಹಾರ್ಮೋನನ್ನಷ್ಟೇ ಅಳೆಯುವ ಫ್ರೀ ಟಿ4 ಮಾಡಿ ನೋಡಿದರೆ ಅದು ಮೇಲಿನ ಗೆರೆ ದಾಟಿ ಹೋಗಿತ್ತು. ಕಣಜ ತುಂಬಿಸುವ ಪ್ರಯತ್ನದಲ್ಲಿ ಆರೋಗ್ಯವಂತ ಹುಡುಗನ ಮೈಯೊಳಗೆ ಹಾರ್ಮೋನು ಉಕ್ಕಿ ಹರಿದಿತ್ತು.

ಅವನ ಜೊತೆ ಸೋದರಮಾವ ಬಂದಿದ್ದರು. ಐವತ್ತು ದಾಟಿದ, ತೆಂಗಿನ ತೋಟದಲ್ಲಿ ದುಡಿಯುವ, ಒಂದು ಮಾತ್ರೆಯನ್ನೂ ನುಂಗದ ಗಟ್ಟಿ ಆಳು. ನಿಮ್ಮ ರಕ್ತವನ್ನೂ ನೋಡಬಹುದೇ ಎಂದು ಕೇಳಿದೆ. "ನಂಗೇನಾಗೈತೆ ಮೇಡಮ್ಮೋರೆ? ಆದ್ರೂ ತಗೊಳ್ಳಿ, ಹುಡುಗನಿಗೆ ಉಪಯೋಗ ಆಗೋದಾದ್ರೆ" ಎಂದು ತೋಳು ಚಾಚಿದರು. ಅವರ ಒಟ್ಟು ಟಿ4 ಕೂಡ ಮೂರರ ಒಳಗೆ. ಟಿಎಸ್‌ಎಚ್ ಸರಿ, ಫ್ರೀ ಟಿ4 ಸರಿ. ಟಿಬಿಜಿಯನ್ನೇ ನೇರವಾಗಿ ಅಳೆಯುವ ಲ್ಯಾಬಿಗೆ ಇಬ್ಬರ ರಕ್ತವನ್ನೂ ಕಳಿಸಿದಾಗ ಇಬ್ಬರಲ್ಲೂ ಅದು ಬಹಳ ಕಡಿಮೆ ಬಂತು. ಅವನ ವೈದ್ಯರು ಮಾತ್ರೆ ನಿಲ್ಲಿಸಿದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಟಿಎಸ್‌ಎಚ್ ಮೊದಲಿನಂತಾಯಿತು, ಕೈನಡುಕ ಹೋಯಿತು. ಒಟ್ಟು ಟಿ4 ಮತ್ತೆ ಮೂರರ ಹತ್ತಿರ ಬಂದು ನಿಂತಿತು. ಅದು ಅವನ ಸಹಜ ಅಂಕಿ, ಜೀವಮಾನವಿಡೀ ಅಷ್ಟೇ ಇರುತ್ತದೆ.

ಸೋದರಮಾವನನ್ನು ಕೇಳಿದ್ದು ಕಾಕತಾಳೀಯವಲ್ಲ. ಟಿಬಿಜಿಯ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಗಂಡಸಿಗೆ ಇರುವುದು ಒಂದೇ ಎಕ್ಸ್, ಅದೂ ತಾಯಿಯ ಕಡೆಯಿಂದ ಬಂದದ್ದು. ತಾಯಿ ವಾಹಕಿಯಾಗಿದ್ದರೆ ಅವಳ ಟಿ4 ಸ್ವಲ್ಪ ಕಡಿಮೆಯಿರಬಹುದು ಅಥವಾ ಗೆರೆಯೊಳಗೇ ಇರಬಹುದು, ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳ ಗಂಡುಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಕೊರತೆ ಬರುವ ಸಾಧ್ಯತೆಯಿದೆ. ಕೊರತೆಯಿರುವ ತಂದೆಯಿಂದ ಗಂಡುಮಕ್ಕಳಿಗೆ ಬರುವುದಿಲ್ಲ, ಹೆಣ್ಣುಮಕ್ಕಳೆಲ್ಲ ವಾಹಕಿಯರಾಗುತ್ತಾರೆ. ಹಾಗಾಗಿ ಇಂಥ ಹುಡುಗ ಎದುರಿಗೆ ಬಂದಾಗ ಅಪ್ಪನಿಗಿಂತ ಮೊದಲು ನೋಡಬೇಕಾದದ್ದು ತಾಯಿಯ ಅಣ್ಣತಮ್ಮಂದಿರನ್ನು, ತಾಯಿಯ ತಂದೆಯನ್ನು, ಚಿಕ್ಕಮ್ಮ ದೊಡ್ಡಮ್ಮಂದಿರ ಗಂಡುಮಕ್ಕಳನ್ನು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಮಾವನಿಗೆ ಕೊರತೆಯಿದ್ದು, ಮದುವೆಯಾದ ಅಕ್ಕನ ಮಗಳು ವಾಹಕಿಯಾಗಿದ್ದರೆ, ಅವರಿಗೆ ಹುಟ್ಟುವ ಪ್ರತಿ ಹೆಣ್ಣುಮಗುವಿನ ಎರಡೂ ಎಕ್ಸ್‌ಗಳಲ್ಲಿ ಅದೇ ಬದಲಾವಣೆ ಇರುವ ಸಾಧ್ಯತೆ ಅರ್ಧಕ್ಕರ್ಧ. ಬೇರೆಡೆ ಹೆಣ್ಣುಮಕ್ಕಳಲ್ಲಿ ಅತಿ ಅಪರೂಪವೆಂದು ಪುಸ್ತಕ ಹೇಳುವುದು ನಿಮ್ಮ ಊರಿನ ಒಂದು ಮನೆಯಲ್ಲಿ ಅಪರೂಪವಾಗಿರದೆ ಇರಬಹುದು.

ಟಿಬಿಜಿ ಸಂಪೂರ್ಣ ಇಲ್ಲದಿರುವುದು ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 15,000ಕ್ಕೆ ಒಬ್ಬರಲ್ಲಿ, ಭಾಗಶಃ ಕೊರತೆ ಸುಮಾರು 4,000ಕ್ಕೆ ಒಬ್ಬರಲ್ಲಿ ಎಂಬುದು ಹೊರದೇಶಗಳ ನವಜಾತ ಶಿಶುಗಳ ತಪಾಸಣೆಯಿಂದ ಬಂದ ಅಂದಾಜು. ಅದನ್ನೇ ಅಳತೆಯಾಗಿ ಇಟ್ಟುಕೊಂಡರೂ ಒಂದೊಂದು ತಾಲ್ಲೂಕಿನಲ್ಲಿ ಹಲವರು ಇದ್ದೇ ಇರಬೇಕು. ಊರೂರಿಗೆ ಪ್ಯಾಕೇಜ್ ಟೆಸ್ಟು ಬಂದಿರುವಾಗ ಅವರಲ್ಲಿ ಒಬ್ಬರು ಇವತ್ತಲ್ಲ ನಾಳೆ ರಿಪೋರ್ಟ್ ಹಿಡಿದು ನಿಮ್ಮ ಬೆಂಚಿನ ಮೇಲೆ ಕೂರುತ್ತಾರೆ.

ಇದರ ತಿರುಗುಮುರುಗು ಇನ್ನೊಂದಿದೆ, ಅದು ಇನ್ನೂ ಕಠಿಣ. ಅಲ್ಲಿ ಬದಲಾಗಿರುವುದು ಆಲ್ಬುಮಿನ್. 585 ಅಮೈನೋ ಆಮ್ಲಗಳ ಆ ಉದ್ದ ಸರಪಳಿಯಲ್ಲಿ 218ನೇ ಜಾಗದ ಆರ್ಜಿನಿನ್ ಹೋಗಿ ಹಿಸ್ಟಿಡಿನ್ ಬಂದು ಕೂತಿದ್ದರೆ ಸಾಕು, ಆ ಆಲ್ಬುಮಿನ್ ಥೈರಾಕ್ಸಿನ್ನನ್ನು ಹಲವು ಪಟ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಒಟ್ಟು ಟಿ4 ಮೇಲೇರುತ್ತದೆ, ಟಿ3 ಹೆಚ್ಚುಕಡಿಮೆ ಸರಿಯಿರುತ್ತದೆ, ಟಿಎಸ್‌ಎಚ್ ಸರಿಯಿರುತ್ತದೆ, ಮನುಷ್ಯ ಆರೋಗ್ಯವಾಗಿರುತ್ತಾನೆ. 1979ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮಿನಲ್ಲಿ ಹೆನ್ನೆಮಾನ್ ಮತ್ತು ಸಂಗಡಿಗರು ಇದನ್ನು ಗುರುತಿಸಿ ಪ್ರಕಟಿಸಿದರು. ಅದೇ ವರ್ಷ ಅಮೆರಿಕದಿಂದಲೂ ವರದಿ ಬಂತು. ಜೀನಿನಲ್ಲಿ ಬದಲಾದ ಆ ಒಂದು ಜಾಗ ಗೊತ್ತಾದದ್ದು 1994ರಲ್ಲಿ. ಫೆಮಿಲಿಯಲ್ ಡಿಸ್‌ಆಲ್ಬುಮಿನೀಮಿಕ್ ಹೈಪರ್‌ಥೈರಾಕ್ಸಿನೀಮಿಯ ಎಂಬುದು ಅದರ ಪೂರ್ತಿ ಹೆಸರು, ಎಫ್‌ಡಿಎಚ್ ಎಂದರೆ ಸಾಕು. ಲ್ಯಾಟಿನ್ ಅಮೆರಿಕ ಮೂಲದವರಲ್ಲಿ ಹೆಚ್ಚಾಗಿ ಕಂಡುಬಂದಿದೆ ನಿಜ, ಆದರೆ ಅವರಿಗೇ ಮೀಸಲಲ್ಲ. ಅದೇ 218ನೇ ಜಾಗದ ಇನ್ನೊಂದು ಬದಲಾವಣೆಯನ್ನು ಬಾಂಗ್ಲಾದೇಶ ಮೂಲದ ಒಂದು ಕುಟುಂಬದಲ್ಲಿ 2014ರಲ್ಲಿ ವರದಿ ಮಾಡಿದ್ದಾರೆ. ಇದು ಎಕ್ಸ್‌ನಲ್ಲಿಲ್ಲ, ಅಪ್ಪನಿಂದಾಗಲಿ ಅಮ್ಮನಿಂದಾಗಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಅರ್ಧ ಮಕ್ಕಳಿಗೆ ಬರಬಹುದು.

ಕಠಿಣ ಎಂದೆನಲ್ಲ, ಯಾಕೆಂದರೆ ಟಿಬಿಜಿ ಕೊರತೆಯಲ್ಲಿ ಫ್ರೀ ಟಿ4 ಮಾಡಿಸಿದರೆ ಸಾಮಾನ್ಯವಾಗಿ ದಾರಿ ತಿಳಿಯುತ್ತದೆ, ಎಫ್‌ಡಿಎಚ್‌ನಲ್ಲಿ ಆ ಪರೀಕ್ಷೆಯೇ ಮೋಸಹೋಗುತ್ತದೆ. ನಮ್ಮ ಯಂತ್ರಗಳ ಎಷ್ಟೋ ಕಿಟ್‌ಗಳಲ್ಲಿ ಟಿ4ನ್ನೇ ಹೋಲುವ, ಗುರುತು ಹಚ್ಚಿದ ಅಣುವನ್ನು ರಕ್ತಕ್ಕೆ ಬೆರೆಸುತ್ತೇವೆ. ಅದು ರೋಗಿಯ ಟಿ4 ಜೊತೆ ಪೈಪೋಟಿ ನಡೆಸಿ ಆ್ಯಂಟಿಬಾಡಿಗೆ ಅಂಟಿಕೊಳ್ಳಬೇಕು. ಬದಲಾದ ಆಲ್ಬುಮಿನ್ ಆ ಗುರುತಿನ ಅಣುವನ್ನೂ ತನ್ನ ಕಡೆ ಎಳೆದುಕೊಂಡುಬಿಟ್ಟರೆ ಆ್ಯಂಟಿಬಾಡಿಗೆ ಸಿಗುವ ಗುರುತು ಕಡಿಮೆಯಾಗುತ್ತದೆ, ಯಂತ್ರ ಅದನ್ನು 'ರೋಗಿಯಲ್ಲಿ ಟಿ4 ಜಾಸ್ತಿ' ಎಂದು ಓದುತ್ತದೆ. ರಕ್ತವನ್ನು ತೊಳೆದು ಎರಡು ಹಂತದಲ್ಲಿ ಮಾಡುವ ಕಿಟ್‌ಗಳಲ್ಲಿ ಈ ತೊಂದರೆ ಕಡಿಮೆ. ಈಕ್ವಿಲಿಬ್ರಿಯಂ ಡಯಾಲಿಸಿಸ್ ಎಂಬ ವಿಧಾನದಲ್ಲಿ ಬಿಡಿ ಹಾರ್ಮೋನನ್ನು ಪೊರೆಯ ಆಚೆ ಸೋಸಿ ಅಳೆಯುವುದರಿಂದ ಸರಿಯಾದ ಅಂಕಿ ಬರುತ್ತದೆ. ಅದು ನಿಧಾನದ, ದುಬಾರಿಯ ಕೆಲಸ, ಕೆಲವೇ ಲ್ಯಾಬುಗಳಲ್ಲಿ ಲಭ್ಯ. ಒಂದೇ ದಿನ ತೆಗೆದ ಒಂದೇ ರಕ್ತವನ್ನು ಬೇರೆ ಕಂಪನಿಯ ಯಂತ್ರದಲ್ಲಿ ಹಾಕಿಸಿ ನೋಡುವುದು ಮಾತ್ರ ನಮ್ಮೆಲ್ಲರ ಕೈಯಲ್ಲಿದೆ. ಎರಡು ಯಂತ್ರಗಳ ಫ್ರೀ ಟಿ4 ಒಂದಕ್ಕೊಂದು ತಾಳೆಯಾಗದಿದ್ದರೆ ಅನುಮಾನ ಬಲವಾಗಬೇಕು.

ಈ ಅನುಮಾನ ಬಾರದೆ ಹೋದಾಗ ಏನಾಗುತ್ತದೆ ಎಂಬುದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಎಫ್‌ಡಿಎಚ್ ಇದ್ದವರಿಗೆ ಥೈರಾಯ್ಡ್ ಹೆಚ್ಚಾಗಿದೆಯೆಂದು ಔಷಧ ಕೊಟ್ಟಿದ್ದಾರೆ, ರೇಡಿಯೋ ಅಯೋಡಿನ್ ಕುಡಿಸಿದ್ದಾರೆ, ಆಪರೇಷನ್ ಮಾಡಿ ಗ್ರಂಥಿಯನ್ನೇ ತೆಗೆದಿದ್ದಾರೆ. ಗ್ರಂಥಿ ಹೋದ ಮೇಲೆ ಆ ಮನುಷ್ಯ ನಿಜವಾಗಿಯೂ ಥೈರಾಯ್ಡ್ ರೋಗಿ, ಸಾಯುವವರೆಗೆ ದಿನಾ ಮಾತ್ರೆ ನುಂಗಬೇಕು. ಆಗಲೂ ಟಿ4 ಮೋಸ ನಿಲ್ಲಿಸುವುದಿಲ್ಲ: ಮಾತ್ರೆ ಸಾಲದೆ ಟಿಎಸ್‌ಎಚ್ ಏರುತ್ತಿದ್ದರೂ ಟಿ4 'ಹೆಚ್ಚು' ಎಂದೇ ತೋರಿಸುತ್ತಿರುತ್ತದೆ. ಥೈರಾಯ್ಡ್ ತಗ್ಗಿಸಲು ಕೊಡುವ ಕಾರ್ಬಿಮಜೋಲ್ ಕೂಡ ಸುಮ್ಮನೆ ಕೊಟ್ಟು ನೋಡುವ ಔಷಧವಲ್ಲ. ಅಪರೂಪಕ್ಕಾದರೂ ಬಿಳಿರಕ್ತಕಣಗಳನ್ನು ನೆಲಕಚ್ಚಿಸಿ ಜೀವಕ್ಕೆ ಸಂಚಕಾರ ತರುತ್ತದೆ. ಕಾಯಿಲೆಯಿದ್ದವರಿಗೆ ಆ ಅಪಾಯ ಒಪ್ಪತಕ್ಕದ್ದು. ಇಲ್ಲದವರಿಗೆ ಒಂದು ಮಾತ್ರೆಯಷ್ಟೂ ಒಪ್ಪತಕ್ಕದ್ದಲ್ಲ.

ಇಷ್ಟು ಓದಿ 'ಟಿಎಸ್‌ಎಚ್ ಸರಿಯಿದ್ದರೆ ಟಿ4 ಕಡೆ ನೋಡಲೇಬೇಡಿ' ಎಂದು ನಾನು ಹೇಳುತ್ತಿದ್ದೇನೆ ಅಂದುಕೊಂಡರೆ ಅದೂ ಅಪಾಯವೇ. ಟಿ4 ಕಡಿಮೆಯಿದ್ದು ಟಿಎಸ್‌ಎಚ್ ಸರಿಯಿರುವ ಇನ್ನೊಬ್ಬರು ನಿಮ್ಮ ಬಳಿ ಬರಬಹುದು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದ ತಾಯಿ. ಎದೆಹಾಲು ಬರಲಿಲ್ಲ, ಮುಟ್ಟು ಮತ್ತೆ ಆಗಲಿಲ್ಲ, ವರ್ಷಗಟ್ಟಲೆ ನಿಶ್ಶಕ್ತಿ. ರಕ್ತ ಸಿಗದೆ ಪಿಟ್ಯುಟರಿ ಸತ್ತುಹೋದ ಶೀಹನ್ಸ್ ಸಿಂಡ್ರೋಮ್ ಅದು. ನಮ್ಮ ಹಳ್ಳಿಗಳಲ್ಲಿ ಇದಿನ್ನೂ ಇದೆ. ಅಲ್ಲಿ ಬಿಡಿ ಹಾರ್ಮೋನೇ ಕಡಿಮೆ, ಟಿಎಸ್‌ಎಚ್ ಸರಿ ಕಂಡರೂ ಅದು ಹುಸಿ. ಆಕೆಗೆ ಕಾರ್ಟಿಸಾಲ್ ನೋಡದೆ, ಅದರ ಕೊರತೆ ತುಂಬದೆ ಥೈರಾಕ್ಸಿನ್ ಕೊಟ್ಟರೆ ಪ್ರಾಣಕ್ಕೇ ಕುತ್ತು. ಹಾಗೆಯೇ ಟಿ4 ಹೆಚ್ಚಿದ್ದು ಟಿಎಸ್‌ಎಚ್ ಕುಗ್ಗದಿರುವುದು ಟಿಎಸ್‌ಎಚ್ ಸುರಿಸುವ ಪಿಟ್ಯುಟರಿ ಗೆಡ್ಡೆಯಿಂದಲೂ ಆಗುತ್ತದೆ, 1967ರಲ್ಲಿ ರೆಫೆಟಾಫ್ ಮತ್ತು ಸಂಗಡಿಗರು ವಿವರಿಸಿದ, ಹಾರ್ಮೋನಿಗೆ ದೇಹವೇ ಸರಿಯಾಗಿ ಓಗೊಡದ ಆನುವಂಶಿಕ ಸ್ಥಿತಿಯಿಂದಲೂ ಆಗುತ್ತದೆ. ಕೂದಲು ಉದುರುತ್ತದೆಂದು ನುಂಗುವ ಬಯೋಟಿನ್ ಮಾತ್ರೆಗಳು ಕೆಲವು ಕಿಟ್‌ಗಳಲ್ಲಿ ಟಿ4 ಹೆಚ್ಚು, ಟಿಎಸ್‌ಎಚ್ ಕಡಿಮೆ ತೋರಿಸಿ ಥೈರಾಯ್ಡ್ ಹೆಚ್ಚಾಗುವ ಗ್ರೇವ್ಸ್ ಕಾಯಿಲೆಯ ವೇಷ ಹಾಕುತ್ತವೆ. ಕನಿಷ್ಠ ಎರಡು ದಿನ ಅದನ್ನು ಬಿಡಿಸಿ ಮತ್ತೆ ರಕ್ತ ತೆಗೆಸಬೇಕು. ಮೂತ್ರದಲ್ಲಿ ಪ್ರೋಟೀನು ಸೋರುವ ನೆಫ್ರಾಟಿಕ್ ಸ್ಥಿತಿಯಲ್ಲಿ ಟಿಬಿಜಿಯೂ ಸೋರಿಹೋಗುತ್ತದೆ. ಒಂದರ ಜೊತೆ ಒಂದು ಹೊಂದದ ಅಂಕಿಗಳು ಬಂದಾಗ ಕೈ ಔಷಧದ ಚೀಟಿಗೆ ಹೋಗುವ ಮೊದಲು ಪ್ರಶ್ನೆಗಳು ಹುಟ್ಟಬೇಕು, ನನ್ನ ವಾದ ಇಷ್ಟೇ.

ಮಕ್ಕಳ ವೈದ್ಯರಿಗೆ ಬೇರೆಯಾಗಿ ಒಂದು ಮಾತು. ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ರಕ್ತದಲ್ಲಿ ಟಿಎಸ್‌ಎಚ್ ತೀರಾ ಏರಿದ್ದರೆ ಈ ಪತ್ರದಲ್ಲಿರುವುದನ್ನೆಲ್ಲ ಬದಿಗಿಡಿ. ಆ ಮಗುವಿಗೆ ಥೈರಾಕ್ಸಿನ್ ಬೇಕು, ಬೇಗ ಬೇಕು, ಒಂದೊಂದು ವಾರವೂ ಅದರ ಬುದ್ಧಿಯ ಬೆಳವಣಿಗೆಗೆ ಸಂಬಂಧಿಸಿದ್ದು. ಟಿಬಿಜಿ ಕೊರತೆಯ ಗೊಂದಲ ಬರುವುದು ಟಿ4 ಮಾತ್ರ ಕಡಿಮೆಯಿದ್ದು ಟಿಎಸ್‌ಎಚ್ ಸರಿಯಿರುವ ಕೂಸುಗಳಲ್ಲಿ. ಅಲ್ಲಿಯೂ ಫ್ರೀ ಟಿ4 ನೋಡಿ, ಪಿಟ್ಯುಟರಿ ಸರಿಯಿದೆಯೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಪ್ರೋಟೀನಿನ ಮಾತು.

ಇನ್ನು ನಮ್ಮ ಲ್ಯಾಬುಗಳ ಪಾಲಿನ ಕರ್ತವ್ಯ. ಟಿಎಸ್‌ಎಚ್ ಸರಿಯಿದ್ದು ಟಿ4 ಗೆರೆಯಿಂದ ಬಹಳ ದೂರ ಹೋದಾಗ ಬರೀ 'ಹೆಚ್ಚು', 'ಕಡಿಮೆ' ಎಂದು ಮುದ್ರಿಸಿ ಕಳಿಸುವುದು ಅರ್ಧ ಕೆಲಸ. 'ಅಂಕಿಗಳು ಹೊಂದುತ್ತಿಲ್ಲ, ಹೊರುವ ಪ್ರೋಟೀನಿನ ವ್ಯತ್ಯಾಸವಿರಬಹುದು, ಫ್ರೀ ಟಿ4 ಮಾಡಿಸಿ, ಬೇರೆ ವಿಧಾನದಲ್ಲಿ ಮತ್ತೆ ನೋಡಿಸಿ' ಎಂದು ರಿಪೋರ್ಟಿನ ಕೆಳಗೆ ಎರಡು ಸಾಲು ಬರೆಯಲು ನಮಗೆ ಖರ್ಚೇನಿಲ್ಲ. ಬರೆಯದಿದ್ದರೆ ಫೋನ್ ಮಾಡಿ ನಮ್ಮನ್ನು ಕೇಳಿ. ಯಾವ ಕಿಟ್, ಯಾವ ವಿಧಾನ ಎಂದು ಕೇಳುವ ಹಕ್ಕು ನಿಮಗಿದೆ. ಉತ್ತರ ಕೊಡಲಾಗದ ಲ್ಯಾಬು ನಿಮ್ಮ ರೋಗಿಯ ರಕ್ತಕ್ಕೆ ಯೋಗ್ಯವಲ್ಲ.

ದೊಡ್ಡ ಊರಿನ ಎಂಡೋಕ್ರೈನಾಲಜಿಸ್ಟ್ ಬಳಿ ಕಳಿಸುವುದು ಒಳ್ಳೆಯದೇ, ಜೀನ್ ಪರೀಕ್ಷೆ ಮಾಡಿಸಲು ಅನುಕೂಲವಿದ್ದವರು ಮಾಡಿಸಲಿ. ಆದರೆ ಅವರಾರ ಬಳಿಯೂ ಇಲ್ಲದ ಒಂದು ಸಲಕರಣೆ ನಿಮ್ಮ ಬಳಿ ಇದೆ: ನಿಮಗೆ ಇಡೀ ಮನೆತನ ಗೊತ್ತು. ಅಜ್ಜನಿಗೆ ಕೆಮ್ಮಾದಾಗ ನೋಡಿದವರು ನೀವು, ಸೊಸೆಯ ಬಾಣಂತನ ಕಂಡವರು ನೀವು. ತಂದೆ, ತಾಯಿ, ಅಣ್ಣತಮ್ಮ, ಸೋದರಮಾವ, ಯಾರು ಸಿಕ್ಕುತ್ತಾರೋ ಅವರ ಟಿ4, ಟಿಎಸ್‌ಎಚ್ ಒಮ್ಮೆ ಮಾಡಿಸಿ. ಆರೋಗ್ಯವಾಗಿರುವ ಇನ್ನೊಬ್ಬರಲ್ಲಿ ಅದೇ ವಿಚಿತ್ರ ಅಂಕಿ ಕಂಡರೆ, ಲಕ್ಷಾಂತರ ರೂಪಾಯಿಯ ತಪಾಸಣೆ ಹೇಳದ್ದನ್ನು ಆ ಎರಡು ಸಾಲಿನ ರಿಪೋರ್ಟು ಹೇಳುತ್ತದೆ.

ಈ ಪತ್ರ ಓದುತ್ತಿರುವ, ಈಗಾಗಲೇ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವ ಓದುಗರಿಗೂ ಒಂದು ವಿನಂತಿ. ದಯವಿಟ್ಟು ಇದನ್ನು ನೋಡಿ ನೀವಾಗಿಯೇ ಮಾತ್ರೆ ಬಿಡಬೇಡಿ. ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಹುಪಾಲು ಜನರಿಗೆ ಅದು ನಿಜವಾಗಿಯೂ ಬೇಕು, ಟಿಎಸ್‌ಎಚ್ ಏರಿದ್ದರಿಂದಲೇ ಅದನ್ನು ಕೊಟ್ಟಿರುತ್ತಾರೆ. ಮಾತ್ರೆ ಶುರುಮಾಡುವ ಮುಂಚಿನ ಮೊದಲ ರಿಪೋರ್ಟನ್ನು ಹುಡುಕಿ ತೆಗೆದು, ನಿಮ್ಮ ಡಾಕ್ಟರಿಗೆ ತೋರಿಸಿ. ಆಗ ಟಿಎಸ್‌ಎಚ್ ಎಷ್ಟಿತ್ತು ಎಂದು ಕೇಳಿ.

ಮತ್ತು ಡಾಕ್ಟರೇ, ಒಬ್ಬರಲ್ಲಿ ಇದು ಖಚಿತವಾದ ಮೇಲೆ ಬಾಯಲ್ಲಿ ಹೇಳಿ ಕಳಿಸಬೇಡಿ. ನಾಳೆ ಅವರು ಬೆಂಗಳೂರಿಗೋ ದುಬೈಗೋ ಹೋಗುತ್ತಾರೆ, ಅಲ್ಲಿ ಇನ್ನೊಂದು ಪ್ಯಾಕೇಜ್ ಟೆಸ್ಟು ಆಗುತ್ತದೆ, ಇನ್ನೊಬ್ಬ ವೈದ್ಯರು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ನಿಮ್ಮ ಲೆಟರ್‌ಹೆಡ್ಡಿನ ಮೇಲೆ, ಸಹಿ ಮತ್ತು ಮುದ್ರೆಯೊಂದಿಗೆ ಬರೆದುಕೊಡಿ: ಇವರಿಗೆ ಹುಟ್ಟಿನಿಂದ ಟಿಬಿಜಿ ಕೊರತೆ ಇದೆ, ಅಥವಾ ಎಫ್‌ಡಿಎಚ್ ಇದೆ, ಟಿ4 ಅಂಕಿಯನ್ನು ನಂಬಿ ಚಿಕಿತ್ಸೆ ಕೊಡಬೇಡಿ, ಥೈರಾಯ್ಡ್ ಸ್ಥಿತಿಯನ್ನು ಟಿಎಸ್‌ಎಚ್‌ನಿಂದ ನಿರ್ಧರಿಸಿ. ಅದನ್ನು ಲ್ಯಾಮಿನೇಟ್ ಮಾಡಿಸಿ ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಲು ಹೇಳಿ, ಅದರ ಪ್ರತಿಯನ್ನು ಮನೆಯ ಇತರರಿಗೂ ಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಲ್ಯಾಬಿನ ಒಬ್ಬ ವೈದ್ಯೆ